ಗುಂಪಿನಲ್ಲಿ ಇಂಗ್ಲಿಷ್ ಪ್ಯಾಸೇಜ್ ಓದಿಸುವಾಗ ಒಬ್ಬರೇ ಓದಿ ಉಳಿದವರು ನೋಡಿ ಬರೆದರೆ ಏನು ಮಾಡುವುದು?

ಹೊಸ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಏಳನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳಿಗೆ ಅದು ಎರಡನೇ ಭಾಷೆ. ಗುಂಪಿನಲ್ಲಿ ಓದಿಸಿ ಅಂತ ತರಬೇತಿಯಲ್ಲಿ ಹೇಳುತ್ತಾರೆ. ಅದರಂತೆ ನಾಲ್ಕು ನಾಲ್ಕು ಜನರನ್ನು ಕೂರಿಸಿ, ಒಂದು ಪ್ಯಾಸೇಜ್, ಅದರ ಕೆಳಗೆ ಐದು ಪ್ರಶ್ನೆ ಕೊಡುತ್ತೇನೆ. ಪ್ರತಿ ಗುಂಪಿನಲ್ಲೂ ಚೆನ್ನಾಗಿ ಓದುವ ಒಬ್ಬರು ಎಲ್ಲ ಉತ್ತರ ಬರೆಯುತ್ತಾರೆ. ಉಳಿದ ಮೂವರು ನೋಡಿ ಬರೆದುಕೊಳ್ಳುತ್ತಾರೆ. ಎಲ್ಲರ ನೋಟ್‌ಬುಕ್‌ನಲ್ಲೂ ಉತ್ತರ ಸರಿ ಇರುತ್ತದೆ. ಆದರೆ ಅದೇ ಮಟ್ಟದ ಇನ್ನೊಂದು ಪ್ಯಾಸೇಜನ್ನು ಒಬ್ಬೊಬ್ಬರಿಗೇ ಕೊಟ್ಟರೆ ಆ ಮೂವರು ಮೊದಲ ಪ್ಯಾರಾದಲ್ಲೇ ನಿಲ್ಲುತ್ತಾರೆ.

ಗುಂಪು ಬಿಟ್ಟು ಒಬ್ಬೊಬ್ಬರನ್ನೇ ಓದಿಸುವುದು ಒಳ್ಳೆಯದಾ? ಅಥವಾ ಗುಂಪಿನ ಕೆಲಸವನ್ನೇ ಬೇರೆ ರೀತಿ ಮಾಡಿಸಬೇಕಾ? ಮಾಡಿ ನೋಡಿದವರು ಸ್ವಲ್ಪ ವಿವರವಾಗಿ ಹೇಳಿ.

ಇಂಗ್ಲಿಷ್ ಮೇಷ್ಟ್ರು

ಮೇಡಂ, ಗುಂಪನ್ನು ಬಿಡಬೇಡಿ. ಕೊಡುವ ಕೆಲಸ ಬದಲಿಸಿ. ಒಬ್ಬರೇ ಮುಗಿಸಬಹುದಾದ ಕೆಲಸ ಕೊಟ್ಟರೆ ಒಬ್ಬರೇ ಮುಗಿಸುತ್ತಾರೆ. ಅದರಲ್ಲಿ ಮಕ್ಕಳ ತಪ್ಪೇನಿಲ್ಲ, ದೊಡ್ಡವರೂ ಹಾಗೇ. ಮ್ಯಾಕ್ಸ್ ರಿಂಗೆಲ್‌ಮನ್ ಅನ್ನುವ ಫ್ರೆಂಚ್ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ನೋಡಿ 1913ರಲ್ಲಿ ಪ್ರಕಟಿಸಿದ್ದು ಇದನ್ನೇ. ಎಳೆಯುವವರು ಜಾಸ್ತಿಯಾದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತಿತ್ತು.

ನನಗೆ ಹಿಡಿಸಿದ ದಾರಿ ಜಿಗ್‌ಸಾ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಶುರು ಮಾಡಿದ್ದು. ಅಲ್ಲಿ ಆಗಷ್ಟೇ ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂರಿಸಿದ್ದರು. ಜಗಳ, ಪೈಪೋಟಿ ಎಲ್ಲ ಇತ್ತು. ಒಬ್ಬರಿಗೆ ಇನ್ನೊಬ್ಬರು ಬೇಕೇ ಬೇಕು ಅನ್ನುವ ಸ್ಥಿತಿ ತರಲು ಅವರು ಪಾಠವನ್ನೇ ಹಂಚಿಬಿಟ್ಟರು.

ನಿಮ್ಮ ತರಗತಿಗೆ ಹೀಗೆ ಮಾಡಬಹುದು. ಪ್ಯಾಸೇಜನ್ನು ನಾಲ್ಕು ಭಾಗ ಮಾಡಿ. ಗುಂಪಿನ ಒಬ್ಬೊಬ್ಬರಿಗೂ ಒಂದೊಂದು ಭಾಗ. ಎಲ್ಲ ಗುಂಪುಗಳಲ್ಲಿ ಮೊದಲ ಭಾಗ ಸಿಕ್ಕವರು ಒಂದು ಕಡೆ ಸೇರಿ ಅದನ್ನು ಓದಿ ಅರ್ಥ ಮಾಡಿಕೊಳ್ಳಲಿ, ಎರಡನೆಯದು ಸಿಕ್ಕವರು ಇನ್ನೊಂದು ಕಡೆ. ಆಮೇಲೆ ಎಲ್ಲರೂ ತಮ್ಮ ಗುಂಪಿಗೆ ವಾಪಸ್ ಬಂದು ತಮ್ಮ ಭಾಗವನ್ನು ಉಳಿದವರಿಗೆ ಹೇಳಬೇಕು. ಕೊನೆಯ ಪ್ರಶ್ನೆಗೆ ನಾಲ್ಕೂ ಭಾಗ ಗೊತ್ತಿಲ್ಲದೆ ಉತ್ತರ ಸಿಗಬಾರದು. ಇದು ಮುಖ್ಯ. ಬಿಡಿ ಬಿಡಿ ಪ್ರಶ್ನೆ ಕೊಟ್ಟರೆ ಮತ್ತೆ ಹಂಚಿಕೊಂಡು ಬರೆದು ಮುಗಿಸುತ್ತಾರೆ.

ಸಂಜೆ ಕ್ಲಾಸ್

ನಾನು ವಯಸ್ಕರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೇಷ್ಟ್ರು ಹೇಳಿದ್ದು ಸರಿ. ಆದರೆ ಜಿಗ್‌ಸಾ ಬಗ್ಗೆ ಎರಡು ಎಚ್ಚರಿಕೆ ಹೇಳಲೇಬೇಕು.

ಒಂದು, ಎರಡನೇ ಭಾಗ ಓದಿದವನಿಗೆ ಅದು ಅರ್ಥವಾಗಿಲ್ಲ ಅಂದುಕೊಳ್ಳಿ. ಅವನ ಗುಂಪಿನ ಉಳಿದ ಮೂವರಿಗೂ ತಪ್ಪೇ ತಲುಪುತ್ತದೆ. ಅದಕ್ಕೇ ಒಂದೇ ಭಾಗ ಓದುವವರು ಸೇರಿ ಕೂರುವ ಹಂತವನ್ನು ಎಷ್ಟೇ ಅವಸರ ಇದ್ದರೂ ಬಿಡಬೇಡಿ. ಅಲ್ಲಿಂದ ಏಳುವ ಮೊದಲು ಪ್ರತಿ ಭಾಗಕ್ಕೂ ಎರಡು ಚಿಕ್ಕ ಪ್ರಶ್ನೆ ಕೇಳಿ. ಉತ್ತರ ಸರಿಯಿದ್ದರೆ ಮಾತ್ರ ವಾಪಸ್ ಕಳಿಸಿ.

ಎರಡು, ಉಳಿದವರು ಆ ಭಾಗವನ್ನು ಕೇಳುತ್ತಾರೆಯೇ ಹೊರತು ಓದುವುದಿಲ್ಲ. ಹಾಗೇ ಮುಗಿಸಿದರೆ ಒಬ್ಬೊಬ್ಬರೂ ಓದಿದ್ದು ಕಾಲು ಭಾಗ ಅಷ್ಟೇ. ಆದ್ದರಿಂದ ಕೊನೆಗೆ ಇಡೀ ಪ್ಯಾಸೇಜನ್ನು ಎಲ್ಲರ ಕೈಗೂ ಕೊಟ್ಟು ಮೌನವಾಗಿ ಓದಿಸಿ. ಅಷ್ಟು ಹೊತ್ತಿಗೆ ವಿಷಯ ಪರಿಚಯವಾಗಿರುತ್ತದೆ. ಮೊದಲೇ ಕೊಟ್ಟಿದ್ದರೆ ಹೆದರುತ್ತಿದ್ದವರೂ ಧೈರ್ಯವಾಗಿ ಓದುತ್ತಾರೆ. ನನ್ನ ಮಟ್ಟಿಗೆ ಜಿಗ್‌ಸಾದ ದೊಡ್ಡ ಲಾಭ ಇದೇ.

ಇನ್ನೊಂದು. ಕಥೆಯನ್ನು ಹೀಗೆ ಕತ್ತರಿಸಬೇಡಿ. ಮೂರನೇ ಭಾಗದಲ್ಲಿ ‘ಶಿ’ ಅಂತ ಬಂದರೆ ಅವಳು ಯಾರು ಅನ್ನುವುದು ಮೊದಲ ಭಾಗದಲ್ಲಿ ಇರುತ್ತದೆ. ನಾಲ್ಕು ಪ್ರಾಣಿಗಳು, ನಾಲ್ಕು ಯಂತ್ರಗಳು, ಒಂದೇ ಘಟನೆ ಕಂಡ ನಾಲ್ವರ ಮಾತು, ಇಂಥ ಬರಹ ಆರಿಸಿಕೊಳ್ಳಿ. ಪ್ರತಿ ಭಾಗವೂ ತನ್ನಷ್ಟಕ್ಕೆ ಅರ್ಥವಾಗಬೇಕು.

ತರಬೇತುದಾರ

ಚಟುವಟಿಕೆ ಆರಿಸುವ ಮೊದಲು ಪ್ಯಾಸೇಜನ್ನೇ ಒಮ್ಮೆ ನೋಡಿ ಮೇಡಂ. ಪಾಲ್ ನೇಷನ್ ಮತ್ತು ಅವರ ಜೊತೆಗಾರರ ಸಂಶೋಧನೆ 2000ನೇ ಇಸವಿಯಲ್ಲಿ ಬಂತು. ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ಸುಮಾರು 98% ಪದ ಗೊತ್ತಿರಬೇಕು ಅಂತ ಅದು ಹೇಳಿತು. ಅಂದರೆ 100 ಪದಕ್ಕೆ ಗೊತ್ತಿಲ್ಲದವು ಎರಡು. 80% ಮಾತ್ರ ಗೊತ್ತಿದ್ದಾಗ ಆ ಪರೀಕ್ಷೆಯಲ್ಲಿ ಯಾರಿಗೂ ಸಾಕಷ್ಟು ಅರ್ಥವಾಗಿರಲಿಲ್ಲ.

ನಿಮ್ಮ ಮೂವರು ಮಕ್ಕಳಿಗೆ ಪ್ಯಾಸೇಜ್ ಕೊಟ್ಟು, ಗೊತ್ತಿಲ್ಲದ ಪದಕ್ಕೆ ಸುತ್ತು ಹಾಕಿಸಿ ನೋಡಿ. 100 ಪದದಲ್ಲಿ ಹದಿನೈದು, ಇಪ್ಪತ್ತು ಸುತ್ತು ಬಿದ್ದರೆ ಅವರು ಸೋಮಾರಿಗಳಲ್ಲ. ಅವರಿಗೆ ಅದನ್ನು ಓದಲು ಸಾಧ್ಯವೇ ಇಲ್ಲ. ಪಕ್ಕದವಳ ಪುಸ್ತಕ ನೋಡದೆ ಇನ್ನೇನು ಮಾಡುತ್ತಾರೆ?

ಗುಂಪಿನಿಂದ ಸ್ವಲ್ಪ ಅನುಕೂಲ ಇದೆ. ಒಬ್ಬರಿಗೆ ಗೊತ್ತಿಲ್ಲದ ಪದ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಜ್ಯಾನೆಟ್ ಕ್ಲಿಂಗ್ನರ್, ಶರನ್ ವಾನ್ ಇಬ್ಬರೂ 1990ರ ದಶಕದಲ್ಲಿ ಗುಂಪು ಓದಿಗೆ ಒಂದು ಕ್ರಮ ಮಾಡಿದರು. ಇಂಗ್ಲಿಷ್ ಕಲಿಯುತ್ತಿದ್ದ ಮಕ್ಕಳ ಜೊತೆಗೂ ಅದನ್ನು ಮಾಡಿ ನೋಡಿದರು. ಅದರಲ್ಲಿ ಪದ ಅಡ್ಡ ಬಂದಾಗ ಗುಂಪು ಮಾಡಬೇಕಾದ್ದು ಇಷ್ಟು: ಆ ಪದ ಬಿಟ್ಟು ವಾಕ್ಯ ಮತ್ತೆ ಓದಿ, ಯಾವ ಅರ್ಥ ಕೂಡುತ್ತದೆ ನೋಡುವುದು. ಹಿಂದಿನ, ಮುಂದಿನ ವಾಕ್ಯ ಓದುವುದು. ಪದದ ಮೊದಲಲ್ಲಿ, ಕೊನೆಯಲ್ಲಿ ಸೇರಿಕೊಂಡಿರುವುದನ್ನು ಗಮನಿಸುವುದು. ಒಳಗೆ ಗೊತ್ತಿರುವ ಚಿಕ್ಕ ಪದ ಇದೆಯಾ ಹುಡುಕುವುದು. ಇದಿಷ್ಟನ್ನೂ ಒಂದು ಕಾರ್ಡ್ ಮೇಲೆ ಬರೆದು ಪ್ರತಿ ಗುಂಪಿಗೂ ಕೊಡಿ. ಮಕ್ಕಳು ತಕ್ಷಣ ನಿಮ್ಮ ಹತ್ತಿರ ಓಡಿ ಬರುವುದು ಕಡಿಮೆಯಾಗುತ್ತದೆ.

ಆರನೇ ಕ್ಲಾಸ್ ಮಿಸ್

ಇನ್ನೊಂದು ದಾರಿ ರೆಸಿಪ್ರೋಕಲ್ ಟೀಚಿಂಗ್. ಪಾಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ಪ್ರಕಟಿಸಿದ್ದು. ಸಾಲುಗಳನ್ನು ಸರಾಗವಾಗಿ ಓದುವ, ಆದರೆ ಓದಿದ್ದು ಅರ್ಥವಾಗದ ಏಳನೇ ತರಗತಿ ಮಕ್ಕಳಿಗಾಗಿಯೇ ಮಾಡಿದ್ದು. ಒಂದು ಪ್ಯಾರಾ ಓದಿದ ಮೇಲೆ ನಾಲ್ಕು ಕೆಲಸ: ಸಾರ ಹೇಳುವುದು, ಪ್ರಶ್ನೆ ಕೇಳುವುದು, ಅರ್ಥವಾಗದ್ದನ್ನು ಬಿಡಿಸುವುದು, ಮುಂದೇನು ಬರಬಹುದು ಅಂತ ಊಹಿಸುವುದು.

ಈಗ ಎಲ್ಲ ಕಡೆ ನಾಲ್ಕು ಕಾರ್ಡ್ ಪ್ರಿಂಟ್ ಮಾಡಿ ಹಂಚಿ ಮುಗಿಸುತ್ತಾರೆ. ಮೂಲದಲ್ಲಿ ಹಾಗಿರಲಿಲ್ಲ. ಮೊದಲು ಟೀಚರೇ ಮಕ್ಕಳ ಜೊತೆ ಕೂತು ನಾಲ್ಕೂ ಕೆಲಸ ಮಾಡಿ ತೋರಿಸುತ್ತಿದ್ದರು. ‘ಇಲ್ಲಿ ನನಗೆ ಈ ಸಾಲು ತೊಡಕಾಯಿತು, ಹೀಗೆ ಬಿಡಿಸಿಕೊಂಡೆ’ ಅಂತ ಬಾಯಿಬಿಟ್ಟು ಹೇಳುತ್ತಿದ್ದರು. ಆಮೇಲೆ ಸ್ವಲ್ಪ ಸ್ವಲ್ಪವೇ ಮಕ್ಕಳಿಗೆ ಬಿಟ್ಟುಕೊಡುತ್ತಿದ್ದರು. ಇದಕ್ಕೆ ಕೆಲವು ವಾರ ಬೇಕು. ಒಂದೇ ಪೀರಿಯಡ್‌ನಲ್ಲಿ ಫಲ ನೋಡಬೇಕು ಅಂದರೆ ಆಗುವುದಿಲ್ಲ.

ಇಂಗ್ಲಿಷ್ ಮೇಷ್ಟ್ರು

ಮಿಸ್ ಮಾತಿಗೆ ಒಂದು ಸೇರಿಸುತ್ತೇನೆ. ಕಾರ್ಡ್ ಪ್ರತಿ ಪ್ಯಾರಾಕ್ಕೂ ಕೈ ಬದಲಾಗಬೇಕು. ಇಲ್ಲದಿದ್ದರೆ ‘ಸಾರ ಹೇಳುವುದು ಮಾತ್ರ ನನ್ನ ಕೆಲಸ’ ಅಂತ ಒಬ್ಬ ಸುಮ್ನೆ ಕೂರುತ್ತಾನೆ.

ಹೊಸ ಟೀಚರ್

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸುತ್ತು ಹಾಕಿಸುವ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಸಂಶಯ ಇದೆ. ಗುಂಪಿನಲ್ಲಿ ಮಕ್ಕಳು ತಮ್ಮ ಮನೆ ಭಾಷೆಯಲ್ಲೇ ಮಾತಾಡುತ್ತಾರೆ. ಬಿಡಬಹುದಾ? ಇಂಗ್ಲಿಷ್‌ನಲ್ಲೇ ಮಾತಾಡಿ ಅಂದರೆ ಇಡೀ ತರಗತಿ ಮೌನವಾಗುತ್ತದೆ.

ಸ್ಪೋಕನ್ ಸರ್

ನನ್ನ ಅಭಿಪ್ರಾಯ ಬೇರೆ. ಇಂಗ್ಲಿಷ್ ಪೀರಿಯಡ್ ಬಿಟ್ಟರೆ ಬಹಳ ಮಕ್ಕಳಿಗೆ ಇಂಗ್ಲಿಷ್ ಆಡುವ ಅವಕಾಶವೇ ಇಲ್ಲ. ಆ ಸ್ವಲ್ಪ ಹೊತ್ತನ್ನೂ ಮನೆ ಭಾಷೆಗೆ ಬಿಟ್ಟರೆ ಬಾಯಿ ಬಿಡುವುದು ಯಾವಾಗ? ಮೌನ ಶುರುವಿನಲ್ಲಿ ಇರುತ್ತದೆ. ‘ಐ ಥಿಂಕ್’, ‘ಲುಕ್ ಅಟ್ ಲೈನ್ ಫೋರ್’, ‘ಐ ಡೋಂಟ್ ಅಗ್ರಿ ಬಿಕಾಸ್’ ಅಂತ ಕೆಲವು ಸಾಲು ಬೋರ್ಡ್ ಮೇಲೆ ಬರೆದುಕೊಡಿ. ಅವುಗಳ ಆಸರೆಯಲ್ಲಿ ಮಾತು ಶುರುವಾಗುತ್ತದೆ.

ಸಂಜೆ ಕ್ಲಾಸ್

ಸರ್, ಆ ಸಾಲುಗಳು ಬೇಕು, ಒಪ್ಪುತ್ತೇನೆ. ಆದರೆ ಇಲ್ಲಿ ನಾವು ಬೆಳೆಸಲು ಹೊರಟಿರುವುದು ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ. ಮಾತಾಡುವ ಶಕ್ತಿ ಅದಕ್ಕಿಂತ ಹಿಂದೆ ಇರುವ ಮಗು ತನಗೆ ಅರ್ಥವಾಗಿದ್ದನ್ನೂ ಇಂಗ್ಲಿಷ್‌ನಲ್ಲಿ ಹೇಳಲಾರದೆ ಸುಮ್ಮನಾಗುತ್ತದೆ. ಆಗ ನಮಗೆ ಅದು ಓದಿಲ್ಲ ಅಂತ ಕಾಣುತ್ತದೆ. ಅದು ಆ ಮಗುವಿಗೆ ಮಾಡುವ ಅನ್ಯಾಯ.

ನಾನು ಮಾಡಿಸುವುದು ಹೀಗೆ. ಓದುವುದು ಇಂಗ್ಲಿಷ್‌ನಲ್ಲಿ. ಗುಂಪಿನಲ್ಲಿ ವಾದ ಯಾವ ಭಾಷೆಯಲ್ಲಾದರೂ ಆಗಲಿ. ಆದರೆ ಪ್ರತಿ ಮಾತಿಗೂ ಸಾಲಿನ ಮೇಲೆ ಬೆರಳಿಟ್ಟು ತೋರಿಸಬೇಕು. ಕೊನೆಗೆ ತರಗತಿಯ ಮುಂದೆ ಹೇಳುವುದು ಇಂಗ್ಲಿಷ್‌ನಲ್ಲಿ, ಸರ್ ಹೇಳಿದಂಥ ಸಾಲುಗಳನ್ನು ಬಳಸಿ. ವಾದ ಮಾಡುವಾಗಲೇ ಏನು ಹೇಳಬೇಕು ಅನ್ನುವುದು ಗಟ್ಟಿಯಾಗಿರುತ್ತದೆ. ಆಮೇಲೆ ಹುಡುಕಬೇಕಾದ್ದು ಪದ ಮಾತ್ರ. ಗುಂಪಿನ ಮಕ್ಕಳ ಮನೆ ಭಾಷೆ ಬೇರೆ ಬೇರೆ ಇದ್ದರೆ ಹೇಗೂ ಇಂಗ್ಲಿಷೇ ಬೇಕಾಗುತ್ತದೆ. ಅಲ್ಲಿ ಚಿತ್ರ ಬರೆದು ತೋರಿಸಲೂ ಬಿಡಿ.

ಸ್ಪೋಕನ್ ಸರ್

ಬೆರಳಿಟ್ಟು ತೋರಿಸುವುದು ಒಳ್ಳೆಯ ನಿಯಮ. ಅದಿದ್ದರೆ ನನ್ನ ತಕರಾರು ಅರ್ಧ ಕಡಿಮೆಯಾಗುತ್ತದೆ.

ತರಬೇತುದಾರ

ಈಗ ಪ್ರಶ್ನೆಗಳ ವಿಷಯಕ್ಕೆ ಬರೋಣ. ನನಗನ್ನಿಸುವುದು, ಗುಂಪು ಓದು ಕೆಡುವುದು ಹೆಚ್ಚಾಗಿ ಇಲ್ಲೇ. ಪ್ಯಾಸೇಜಿನಲ್ಲಿ ಹೀಗಿದೆ ಅಂದುಕೊಳ್ಳಿ: ಒಬ್ಬ ಹುಡುಗಿ ರಾತ್ರಿ ಮನೆ ಬಾಗಿಲಿಗೆ ಬರುತ್ತಾಳೆ. ಎರಡು ಸಲ ಹಿಂದೆ ತಿರುಗಿ ನೋಡುತ್ತಾಳೆ. ಬೀಗದ ಕೈ ಕೆಳಗೆ ಬೀಳುತ್ತದೆ. ಒಳಗೆ ಹೋದವಳೇ ದೀಪ ಹಾಕದೆ ಕಿಟಕಿ ಹತ್ತಿರ ನಿಲ್ಲುತ್ತಾಳೆ.

‘ಅವಳು ಎಷ್ಟು ಸಲ ಹಿಂದೆ ತಿರುಗಿ ನೋಡಿದಳು?’ ಅಂತ ಕೇಳಿದರೆ ಗುಂಪು ಯಾಕೆ ಬೇಕು? ಸಾಲಿನಲ್ಲೇ ಉತ್ತರ ಇದೆ. ಬೇಗ ಓದುವವರು ಹೇಳಿಬಿಡುತ್ತಾರೆ. ಅದರ ಬದಲು ಹೀಗೆ ಕೇಳಿ: ‘ಅವಳಿಗೆ ಭಯವೋ, ಅವಸರವೋ, ದಣಿವೋ? ಒಂದನ್ನು ಆರಿಸಿ. ಯಾವ ಎರಡು ಸಾಲು ನಿಮ್ಮ ಪರ ಇವೆ? ಯಾವ ಸಾಲು ನಿಮಗೆ ವಿರುದ್ಧ ಇದೆ?’ ಈಗ ಎಲ್ಲರೂ ಮತ್ತೆ ಓದಲೇಬೇಕು. ಬೀಗದ ಕೈ ಬಿದ್ದದ್ದು ಅವಸರಕ್ಕೂ ಇರಬಹುದು, ಭಯಕ್ಕೂ ಇರಬಹುದು. ದೀಪ ಹಾಕದೆ ಕಿಟಕಿ ಹತ್ತಿರ ನಿಂತದ್ದು ಯಾಕೆ? ನಿಧಾನವಾಗಿ ಓದುವ ಮಗುವೂ ಇಲ್ಲಿ ಒಂದು ಸಾಲು ಹಿಡಿದು ವಾದ ಮಾಡಬಹುದು.

ಲ್ಯಾರಿ ಮೈಕಲ್ಸನ್ ಅನ್ನುವ ಅಮೆರಿಕದ ಪ್ರಾಧ್ಯಾಪಕರು 1970ರ ದಶಕದ ಕೊನೆಯಲ್ಲಿ ಟೀಮ್ ಬೇಸ್ಡ್ ಲರ್ನಿಂಗ್ ಶುರು ಮಾಡಿದರು. ಅವರ ತರಗತಿ 40 ಜನರಿಂದ 120 ಜನಕ್ಕೆ ಏರಿತ್ತು. ಅವರು ಇಟ್ಟ ನಿಯಮಗಳಲ್ಲಿ ಮೂರನ್ನು ಇಂಗ್ಲಿಷ್ ಓದಿಗೆ ನೇರವಾಗಿ ತರಬಹುದು. ಎಲ್ಲ ತಂಡಗಳಿಗೂ ಒಂದೇ ಪ್ರಶ್ನೆ. ಉತ್ತರ ಒಂದು ಆಯ್ಕೆಯಾಗಿರಬೇಕು, ಉದ್ದ ಬರವಣಿಗೆ ಆಗಿರಬಾರದು. ಎಲ್ಲ ತಂಡಗಳೂ ಒಂದೇ ಕ್ಷಣದಲ್ಲಿ ಕಾರ್ಡ್ ಎತ್ತಿ ತೋರಿಸಬೇಕು. ಒಂದಾದ ಮೇಲೆ ಒಂದು ತಂಡ ಹೇಳಿದರೆ ಎರಡನೆಯದು ಮೊದಲನೆಯದನ್ನೇ ಹೇಳುತ್ತದೆ. ಒಟ್ಟಿಗೆ ಎತ್ತಿದಾಗ ಯಾರು ಯಾರು ಬೇರೆ ಆರಿಸಿದ್ದಾರೆ ಅಂತ ಎಲ್ಲರಿಗೂ ಕಾಣುತ್ತದೆ. ನಿಜವಾದ ಚರ್ಚೆ ಶುರುವಾಗುವುದು ಆಗಲೇ.

ಅವರ ಕ್ರಮದಲ್ಲಿ ಇನ್ನೊಂದು ಭಾಗ ಇದೆ. ಒಂದೇ ಚಿಕ್ಕ ಪರೀಕ್ಷೆಯನ್ನು ಮೊದಲು ಒಬ್ಬೊಬ್ಬರೇ ಬರೆಯುತ್ತಾರೆ, ತಕ್ಷಣ ಅದನ್ನೇ ತಂಡವಾಗಿ ಮತ್ತೆ ಬರೆಯುತ್ತಾರೆ. ಎರಡಕ್ಕೂ ಅಂಕ ಇದೆ. ಹೊಸ ಟೀಚರ್ ಅವರ ಸಮಸ್ಯೆಗೆ ಇದೇ ಮದ್ದು ಅಂತ ನನ್ನ ನಂಬಿಕೆ. ಒಬ್ಬರೇ ಓದಿ ತಮ್ಮ ಉತ್ತರ ಬರೆದಿಟ್ಟ ಮೇಲೆ ಗುಂಪಿಗೆ ಬಂದರೆ ಪ್ರತಿಯೊಬ್ಬರ ಕೈಯಲ್ಲೂ ಏನೋ ಒಂದು ಇರುತ್ತದೆ. ಖಾಲಿ ಕೈಯಲ್ಲಿ ಬಂದವರು ಮಾತ್ರ ನೋಡಿ ಬರೆಯುತ್ತಾರೆ.

ಆರನೇ ಕ್ಲಾಸ್ ಮಿಸ್

ಚಿಕ್ಕ ಮಕ್ಕಳಿಗೆ ಆಗುವ ಒಂದೆರಡು ಚಟುವಟಿಕೆ ಹೇಳುತ್ತೇನೆ.

ಬಾಣದ ಗುರುತು. ಪ್ಯಾಸೇಜಿನಲ್ಲಿ ‘ಹಿ’, ‘ದೆಮ್’, ‘ಇಟ್’, ‘ದಿಸ್’, ‘ವಿಚ್’ ಇವುಗಳಿಗೆ ಸುತ್ತು ಹಾಕಿ ಕೊಡಿ. ಪ್ರತಿಯೊಂದೂ ಯಾರನ್ನು, ಯಾವುದನ್ನು ಹೇಳುತ್ತದೆ ಅಂತ ಮಕ್ಕಳು ಬಾಣ ಎಳೆಯಬೇಕು. ಮೊದಲು ಒಬ್ಬೊಬ್ಬರೇ ಪೆನ್ಸಿಲ್‌ನಲ್ಲಿ, ಆಮೇಲೆ ತಂಡ ಸೇರಿ ಪೆನ್ನಿನಲ್ಲಿ. ನಾಲ್ಕು ಹಾಳೆಯಲ್ಲಿ ಬಾಣ ಬೇರೆ ಬೇರೆ ಕಡೆ ಹೋದ ಜಾಗವೇ ಆ ದಿನದ ಪಾಠ. ಪದ ಎಲ್ಲ ಗೊತ್ತಿದ್ದೂ ಪ್ಯಾಸೇಜ್ ಅರ್ಥವಾಗದ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ಇದರಲ್ಲಿ ತುಂಬ ಸ್ಪಷ್ಟವಾಗಿ ಕಾಣುತ್ತದೆ. ‘ದಿಸ್’ ಕೆಲವೊಮ್ಮೆ ಹಿಂದಿನ ಇಡೀ ವಾಕ್ಯವನ್ನೇ ಹೇಳುತ್ತದೆ, ಅದು ಅವರಿಗೆ ಬಹಳ ಕಷ್ಟ.

ವಾಕ್ಯ ಜೋಡಿಸುವುದು. ಒಂದು ಪ್ಯಾರಾದ ವಾಕ್ಯಗಳನ್ನು ಕತ್ತರಿಸಿ ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಚೀಟಿ ಯಾರಿಗೂ ತೋರಿಸುವಂತಿಲ್ಲ, ಓದಿ ಹೇಳಬೇಕು. ಸರಿಯಾದ ಕ್ರಮದಲ್ಲಿ ನಿಲ್ಲಬೇಕು. ‘ಬಟ್’, ‘ದೆನ್’, ‘ಬಿಕಾಸ್ ಆಫ್ ದಿಸ್’ ಇವುಗಳ ಬೆಲೆ ಮಕ್ಕಳಿಗೆ ತಾನಾಗೇ ತಿಳಿಯುತ್ತದೆ. ಚೀಟಿ ತೋರಿಸುವಂತಿಲ್ಲ ಅನ್ನುವ ನಿಯಮ ಬಿಟ್ಟರೆ ಮತ್ತೆ ಒಬ್ಬರೇ ಎಲ್ಲವನ್ನೂ ಕಿತ್ತುಕೊಂಡು ಜೋಡಿಸುತ್ತಾರೆ.

ಗೋಡೆಗೆ ಅಂಟಿಸಿದ ಪ್ಯಾಸೇಜಿಗೆ ಓಡಿ ಹೋಗಿ ಓದಿ, ವಾಪಸ್ ಬಂದು ಜೊತೆಗಾರನಿಗೆ ಹೇಳಿ ಬರೆಸುವ ಆಟ ಬಹಳ ಕಡೆ ಮಾಡಿಸುತ್ತಾರೆ. ಮಕ್ಕಳಿಗೆ ಇಷ್ಟ, ಕಾಗುಣಿತಕ್ಕೂ ನೆನಪಿಗೂ ಒಳ್ಳೆಯದು. ಆದರೆ ಅರ್ಥವಾಗದೆಯೂ ಪದಗಳನ್ನು ಹೊತ್ತು ತರಬಹುದು. ಅದನ್ನು ಓದಿನ ಅಭ್ಯಾಸ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಇಂಗ್ಲಿಷ್ ಮೇಷ್ಟ್ರು

ಉತ್ತರ ಹೇಳಿಸುವ ರೀತಿಯನ್ನೂ ನೋಡಿಕೊಳ್ಳಿ. ‘ಯಾರು ಹೇಳುತ್ತೀರಿ?’ ಅಂದರೆ ಅದೇ ಕೈಗಳು ಏಳುತ್ತವೆ. ಸ್ಪೆನ್ಸರ್ ಕೇಗನ್ ಪ್ರಚಾರಕ್ಕೆ ತಂದ ನಂಬರ್ಡ್ ಹೆಡ್ಸ್ ಮಾಡಿಸಿ. ತಂಡದಲ್ಲಿ ಒಬ್ಬೊಬ್ಬರಿಗೆ 1ರಿಂದ 4ರವರೆಗೆ ನಂಬರ್. ಚರ್ಚೆ ಮುಗಿದ ಮೇಲೆ ನೀವು ಒಂದು ನಂಬರ್ ಕೂಗಿ. ಪ್ರತಿ ತಂಡದಲ್ಲೂ ಆ ನಂಬರಿನವರೇ ಹೇಳಬೇಕು. ಯಾರ ನಂಬರ್ ಬರುತ್ತದೋ ಗೊತ್ತಿಲ್ಲ. ಹಾಗಾಗಿ ಚೆನ್ನಾಗಿ ಓದುವವರೇ ಉಳಿದವರಿಗೆ ಕೂರಿಸಿಕೊಂಡು ಹೇಳಿಕೊಡುತ್ತಾರೆ.

ಅಂಕ ಕೊಡುವವರಿಗೆ ರಾಬರ್ಟ್ ಸ್ಲಾವಿನ್ ಅವರ ದಾರಿ ಒಳ್ಳೆಯದು. ತಂಡಕ್ಕೆ ಬರುವ ಅಂಕ ಒಬ್ಬೊಬ್ಬರೂ ತಮ್ಮ ಹಿಂದಿನ ಸರಾಸರಿಗಿಂತ ಎಷ್ಟು ಮೇಲೆ ಬಂದರು ಅನ್ನುವುದರ ಮೇಲೆ ನಿಲ್ಲುತ್ತದೆ. ಹತ್ತಕ್ಕೆ ಮೂರು ತೆಗೆಯುತ್ತಿದ್ದವನು ಐದು ತೆಗೆದರೆ ತಂಡಕ್ಕೆ ಅವನಿಂದ ಲಾಭ. ‘ಇವನು ನಮ್ಮ ಗುಂಪಿಗೆ ಬೇಡ’ ಅನ್ನುವ ಮಾತು ನಿಲ್ಲಬೇಕಾದರೆ ಇಂಥದ್ದು ಬೇಕು.

ಸಂಜೆ ಕ್ಲಾಸ್

ಆ ಕೊನೆಯ ಮಾತು ಬಹಳ ಮುಖ್ಯ ಮೇಷ್ಟ್ರೇ. ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ಕೊಹೆನ್ ಗುಂಪು ಕೆಲಸವನ್ನು ವರ್ಷಗಟ್ಟಲೆ ನೋಡಿ ಹೇಳಿದ್ದು ಇದೇ. ‘ಜಾಣ’ ಅಂತ ಹೆಸರಾದ ಮಗು ಜಾಸ್ತಿ ಮಾತಾಡುತ್ತದೆ, ಜಾಸ್ತಿ ಮಾತಾಡಿದವರು ಜಾಸ್ತಿ ಕಲಿಯುತ್ತಾರೆ. ಹಿಂದುಳಿದ ಮಗು ಸರಿಯಾಗಿ ಹೇಳಿದರೂ ಗುಂಪು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇದಕ್ಕೆ ಅವರು ಹೇಳಿದ ಒಂದು ಉಪಾಯ: ಆ ಮಗು ನಿಜವಾಗಿ ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಟೀಚರ್ ಕಂಡುಹಿಡಿದು, ಎಲ್ಲರ ಮುಂದೆ, ಏನು ಅಂತ ಬಿಡಿಸಿ ಹೇಳಬೇಕು. ‘ಗುಡ್’ ಅಂದರೆ ಸಾಲದು. ‘ಎಂಟನೇ ಸಾಲಿನ ಬಟ್ ಅನ್ನು ನೀನು ಗಮನಿಸಿದೆ, ಅದರಿಂದ ನಿಮ್ಮ ತಂಡದ ಉತ್ತರ ಬದಲಾಯಿತು’ ಅನ್ನಬೇಕು. ಸುಳ್ಳು ಹೊಗಳಿಕೆ ಬೇಡ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಹೊಸ ಟೀಚರ್

ಎಲ್ಲ ಓದಿ ಮುಂದಿನ ಪಾಠಕ್ಕೆ ಹೀಗೆ ಬರೆದುಕೊಂಡಿದ್ದೇನೆ. 40 ನಿಮಿಷದ ಪೀರಿಯಡ್. ಮೊದಲ 8 ನಿಮಿಷ ಒಬ್ಬೊಬ್ಬರೇ ಓದಿ, ಪದಕ್ಕೆ ಸುತ್ತು ಹಾಕಿ, ಒಂದು ಆಯ್ಕೆ ಪ್ರಶ್ನೆಗೆ ಉತ್ತರ ಬರೆದಿಡುವುದು. ಆಮೇಲೆ 7 ನಿಮಿಷ ತಂಡದಲ್ಲಿ ಪದ ಬಿಡಿಸುವುದು. 10 ನಿಮಿಷ ಬಾಣ ಎಳೆಯುವುದು. 10 ನಿಮಿಷ ಅದೇ ಪ್ರಶ್ನೆಗೆ ತಂಡದ ಉತ್ತರ, ಒಟ್ಟಿಗೆ ಕಾರ್ಡ್ ಎತ್ತುವುದು, ನಂಬರ್ ಕೂಗಿ ಕಾರಣ ಕೇಳುವುದು. ಕೊನೆಯ 5 ನಿಮಿಷ ಒಬ್ಬೊಬ್ಬರೇ ಹೊಸ ಎರಡು ಪ್ರಶ್ನೆಗೆ ಉತ್ತರ. ಸರಿ ಇದೆಯಾ?

ತರಬೇತುದಾರ

ಕ್ರಮ ಸರಿ ಇದೆ ಮೇಡಂ. ಆದರೆ ಮೊದಲ ಸಲಕ್ಕೆ ಜಾಸ್ತಿಯಾಯಿತು. ಬಾಣದ ಕೆಲಸ ಮುಂದಿನ ಪೀರಿಯಡ್‌ಗೆ ಇಡಿ. ಆ 10 ನಿಮಿಷವನ್ನು ಕಾರ್ಡ್ ಎತ್ತಿದ ನಂತರದ ವಾದಕ್ಕೆ ಕೊಡಿ. ಕೊನೆಯ 5 ನಿಮಿಷ ಮಾತ್ರ ಏನೇ ಆದರೂ ಬಿಡಬೇಡಿ. ಆ ಮೂವರು ಮಕ್ಕಳ ಚೀಟಿಗಳನ್ನು ಬೇರೆ ತೆಗೆದಿಟ್ಟುಕೊಂಡು ಮುಂದಿನ ವಾರದ್ದರ ಜೊತೆ ಹೋಲಿಸಿ.

ಆರನೇ ಕ್ಲಾಸ್ ಮಿಸ್

ನಾಲ್ವರ ಬದಲು ಮೊದಲು ಇಬ್ಬಿಬ್ಬರಿಂದ ಶುರು ಮಾಡಿದರೂ ಆಗುತ್ತದೆ. ಇಬ್ಬರೇ ಇದ್ದಾಗ ಸುಮ್ನೆ ಕೂರಲು ಜಾಗ ಇರುವುದಿಲ್ಲ. ಕಾರ್ಡ್ ಎತ್ತುವ ಹೊತ್ತಿಗೆ ಎರಡು ಜೋಡಿಯನ್ನು ಸೇರಿಸಿಬಿಡಿ.

ಹೊಸ ಟೀಚರ್

ಹಾಗೇ ಮಾಡುತ್ತೇನೆ ಮಿಸ್. ಜೋಡಿ ಮಾಡುವಾಗ ತೀರಾ ಜಾಣರನ್ನೂ ತೀರಾ ಕಷ್ಟಪಡುವವರನ್ನೂ ಒಟ್ಟಿಗೆ ಕೂರಿಸಲಾ?

ಆರನೇ ಕ್ಲಾಸ್ ಮಿಸ್

ಬೇಡ. ಅಷ್ಟು ಅಂತರ ಇದ್ದರೆ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಮತ್ತೆ ಅದೇ ಕಥೆ. ಚೆನ್ನಾಗಿ ಓದುವವರ ಜೊತೆ ಮಧ್ಯದವರು, ಮಧ್ಯದವರ ಜೊತೆ ಕಷ್ಟಪಡುವವರು, ಹೀಗೆ ಕೂರಿಸಿ. ಕೆಲವು ಪಾಠ ಆದ ಮೇಲೆ ಜೋಡಿ ಬದಲಿಸಿ.